ಪರಊರಿನ ವಿದ್ಯಾರ್ಥಿಯ ಭಾನುವಾರ

ದಕ್ಷಿಣ ಬೆಂಗಳೂರಿಗೆ ಓದಲು ಬಂದ ಪರಊರಿನ, ಪರದೇಶದ ವಿದ್ಯಾರ್ಥಿಗಳು ರಜಾದಿನದಲ್ಲಿ ಹಳೆಯ ಕೋಟೆ, ದೇವಸ್ಥಾನ, ಶಾಸನಗಳನ್ನು ನೋಡಿಬರುವ ರೂಢಿ ಇಂದು ನಿನ್ನೆಯದಲ್ಲ. ಜಯನಗರ, ಜೆ.ಪಿ. ನಗರ, ಬಿಟಿಎಂ ಲೇಔಟ್ ಎಂಬ ಹೆಸರುಗಳು ಹುಟ್ಟುವುದಕ್ಕೆ ಮೊದಲೇ, ಬಸವನಗುಡಿಯ ಹಾಸ್ಟೆಲ್ಲುಗಳ ಕಾಲದಿಂದ ಅದು ನಡೆದುಬಂದಿದೆ. ಅದರ ಕಟ್ಟಳೆ ಬಹುಮಟ್ಟಿಗೆ ಒಂದೇ: ಬೆಳಿಗ್ಗೆ ಹೊರಟವರು ರಾತ್ರಿ ಹಾಸ್ಟೆಲಿನ ಬಾಗಿಲು ಹಾಕುವುದರೊಳಗೆ ವಾಪಸಾಗಬೇಕು, ಮರುದಿನ ತರಗತಿಯಲ್ಲಿ ಕೂರಬೇಕು. ಒಂದು ಹಗಲಿನಲ್ಲಿ ಎಷ್ಟು ದೂರ ಹೋಗಿ ಬರಬಹುದು ಎಂಬ ಲೆಕ್ಕ ಕಾಲಿನಿಂದ ರೈಲಿಗೆ, ರೈಲಿನಿಂದ ಬಸ್ಸಿಗೆ, ಬಸ್ಸಿನಿಂದ ಬೈಕಿಗೆ ಬದಲಾದಂತೆ, ವಿದ್ಯಾರ್ಥಿಯ ಕಣ್ಣಿಗೆ ಬೀಳುವ ಇತಿಹಾಸವೂ ಬದಲಾಯಿತು. ದೂರದ್ದು ಹತ್ತಿರವಾದಾಗ ಹತ್ತಿರದ್ದು ಮರೆಯಾದದ್ದು ಈ ಚರಿತ್ರೆಯ ಮುಖ್ಯ ಸಂಗತಿ.

ಭಾನುವಾರ ರಜೆಯಾದದ್ದೇ ಈಚೆಗೆ. ಹಳೆಯ ಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಯನದ ದಿನಗಳು. ಬಿಡುವು ಚಂದ್ರನನ್ನು ನೋಡಿಕೊಂಡು ಬರುತ್ತಿತ್ತು, ವಾರವನ್ನಲ್ಲ. ಭಾನುವಾರದ ರಜೆ ಬಂದದ್ದು ಮಿಷನ್ ಶಾಲೆಗಳ, ಸರ್ಕಾರಿ ಕಚೇರಿಗಳ ಜೊತೆಗೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನದಿಂದ ಬಿಡುವು ಎನ್ನುವುದು ಆಮೇಲಿನ ಪದ್ಧತಿ. ‘ವಾರಾಂತ್ಯ’ ಎಂಬ ಮಾತಂತೂ ಕನ್ನಡಕ್ಕೆ ತೀರ ಹೊಸದು. ಅದಕ್ಕೂ ಮೊದಲು ಓದುವ ಹುಡುಗರು ಊರು ನೋಡಲು ಹೊರಡುತ್ತಿದ್ದದ್ದು ಜಾತ್ರೆಗೆ, ಪರಿಷೆಗೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ ಸೇರುತ್ತದೆ. ಸಂಕ್ರಾಂತಿಯ ಸಂಜೆ ಗವಿಪುರದ ಗಂಗಾಧರೇಶ್ವರನ ಗುಹೆಯೊಳಗೆ, ನಂದಿಯ ಕೊಂಬುಗಳ ನಡುವೆ ಹಾದು ಬಿಸಿಲು ಲಿಂಗವನ್ನು ಮುಟ್ಟುತ್ತದೆ. ಇವೆರಡನ್ನೂ ನೋಡಲು ಹಿಂದೆ ಸುತ್ತಲ ಹಳ್ಳಿಗಳ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅಲ್ಲಿ ನೋಡುವುದು, ಕೈಮುಗಿಯುವುದು, ಕಡಲೆಕಾಯಿ ಕೊಳ್ಳುವುದು ಬೇರೆಬೇರೆ ಕೆಲಸಗಳಾಗಿರಲಿಲ್ಲ.

ನೋಡುವುದಕ್ಕೆಂದೇ ಬಂದವರೂ ಇದ್ದರು. ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಡೇನಿಯಲ್ ಮತ್ತು ಅವರ ಸಹೋದರನ ಮಗ ವಿಲಿಯಂ 1792ರಲ್ಲಿ ಗವಿಪುರದ ಗುಡಿಯ ಮುಂಭಾಗವನ್ನು ಚಿತ್ರಿಸಿದರು. ಮೈಸೂರು ಯುದ್ಧ ಆಗಷ್ಟೇ ನಿಂತಿದ್ದ ವರ್ಷ ಅದು. ಆ ಚಿತ್ರ ಇನ್ನೂರು ವರ್ಷಗಳ ಮೇಲೆ ಬಹಳ ಉಪಯೋಗಕ್ಕೆ ಬಂತು. ಗುಡಿಯ ಇಂದಿನ ರೂಪವನ್ನು ಅದರೊಂದಿಗೆ ಹೋಲಿಸಿ, ಮುಂದೆ ಕಟ್ಟಿದ ಗೋಡೆಗಳು ಬೆಳಕಿನ ದಾರಿಯನ್ನು ಹೇಗೆ ಬದಲಿಸಿವೆ ಎಂಬುದನ್ನು ಬೆಂಗಳೂರಿನ ಖಗೋಳ ವಿಜ್ಞಾನಿಗಳು 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಪರದೇಶದವರ ಕಣ್ಣಿಗೆ ಬಿದ್ದದ್ದು ಸ್ಥಳದವರಿಗೆ ದಾಖಲೆಯಾಗಿ ಉಳಿದ ಉದಾಹರಣೆ ಇದು.

ರೈಲು ಬೆಂಗಳೂರು ದಂಡುಪ್ರದೇಶವನ್ನು ಮುಟ್ಟಿದ್ದು 1864ರಲ್ಲಿ. ಆದರೆ ಇತಿಹಾಸ ನೋಡುವವರಿಗೆ ಮುಖ್ಯವಾದದ್ದು ಮೈಸೂರಿನ ಹಳಿ. ಮೀಟರ್ ಗೇಜಿನ ಆ ದಾರಿ 1882ರ ಹೊತ್ತಿಗೆ ಪೂರ್ತಿಯಾಯಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ದಾಟಿದ ರೈಲು ಶ್ರೀರಂಗಪಟ್ಟಣದ ಕೋಟೆಯೊಳಗೇ ನುಗ್ಗಿ ಹೋಗುತ್ತದೆ. ಸ್ಟೇಷನ್ನಿನಲ್ಲಿ ಇಳಿದವರಿಗೆ ಟಿಪ್ಪುವಿನ ರಾಜಧಾನಿ ಕಾಲ್ನಡಿಗೆಯ ದೂರ. ಹೀಗಾಗಿ ಬೆಂಗಳೂರಿನ ಮೊದಲ ಒಂದು ದಿನದ ಐತಿಹಾಸಿಕ ಪ್ರವಾಸ ಎಂದರೆ ಶ್ರೀರಂಗಪಟ್ಟಣವೇ ಆಯಿತು. ಬುತ್ತಿಗೆ ಪುಳಿಯೋಗರೆ, ದಾರಿಗೆ ಮದ್ದೂರು ವಡೆ ಎಂಬ ವಾಡಿಕೆಯೂ ಈ ಹಳಿಯ ಮೇಲೆಯೇ ಬೆಳೆಯಿತು. ಅದೇ ಹಳಿಯನ್ನು ಜೋಡಿ ಮಾಡಬೇಕಾದಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಕೆಡವದೆ, 2017ರಲ್ಲಿ ಇಡಿಯಾಗಿಯೇ ಬುಡದಿಂದ ಎತ್ತಿ ನೂರಾರು ಅಡಿ ಆಚೆಗೆ ಸರಿಸಿ ಕೂರಿಸಿದರು. ರೈಲ್ವೆ ಇಲಾಖೆ ಹಳೆಯ ಕಟ್ಟಡಕ್ಕೆ ತೋರಿದ ಅಂಥ ಗೌರವ ನಮ್ಮ ನಾಡಿನಲ್ಲಿ ಅಪರೂಪ.

ಪರಊರಿನ ವಿದ್ಯಾರ್ಥಿ ಎಂಬ ವರ್ಗ ದಕ್ಷಿಣ ಬೆಂಗಳೂರಿನಲ್ಲಿ ನೆಲೆಯಾದದ್ದು ಬಸವನಗುಡಿಯ ಮೂಲಕ. ಪ್ಲೇಗಿನ ಹಾವಳಿಯ ನಂತರ ವಿಸ್ತರಣೆಯಾದ ಆ ಬಡಾವಣೆಯಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲು, ಆಮೇಲೆ ನ್ಯಾಷನಲ್ ಕಾಲೇಜು ಬಂದವು. ಹಳ್ಳಿಯಿಂದ ಬಂದ ಹುಡುಗನಿಗೆ ಎರಡು ಆಸರೆಗಳಿದ್ದವು. ಒಂದು, ಜನಾಂಗಗಳ ಸಂಘಗಳೂ ದಾನಿಗಳೂ ನಡೆಸುತ್ತಿದ್ದ ಉಚಿತ ಹಾಸ್ಟೆಲ್. ಇನ್ನೊಂದು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳಲ್ಲಿ ಊಟ ಗೊತ್ತು ಮಾಡಿಕೊಂಡ ಹುಡುಗ ಭಾನುವಾರ ಊರ ಹೊರಗೆ ಹೋಗಬೇಕಾದರೆ ಭಾನುವಾರದ ಮನೆಯವರಿಗೆ ಮುಂಚೆಯೇ ಹೇಳಬೇಕು. ಹೋದ ದಿನದ ಊಟ ಹೋದಂತೆಯೇ. ರೈಲಿನ ಚಾರ್ಜು ಕೊಡುವ ಶಕ್ತಿ ಅವನಿಗಿರಲಿಲ್ಲ. ಆದ್ದರಿಂದ ಅವನ ಭಾನುವಾರದ ಅಳತೆ ಕಾಲು ನಡೆದಷ್ಟು: ಲಾಲ್‌ಬಾಗು, ಬಸವನ ಗುಡಿ, ಗವಿಪುರ, ಕೆಂಪಾಂಬುಧಿ ಕೆರೆಯ ದಡದ ಗಡಿಗೋಪುರ.

ಎಚ್. ನರಸಿಂಹಯ್ಯನವರ ಬದುಕು ಆ ಕಾಲದ ವಿದ್ಯಾರ್ಥಿಯ ಸ್ಥಿತಿಗೆ ಒಳ್ಳೆಯ ಸಾಕ್ಷಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಎರಡು ದಿನ ನಡೆದು ಬೆಂಗಳೂರಿಗೆ ಬಂದು ಅವರು ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಹಿಂತಿರುಗಿದರು. ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಕೆಲಸ ಮಾಡಿದರು. ಆದರೂ 2005ರಲ್ಲಿ ತೀರಿಕೊಳ್ಳುವವರೆಗೆ ಅವರ ಮನೆ ಬಸವನಗುಡಿಯ ಹಾಸ್ಟೆಲಿನ ಒಂದು ಕೋಣೆಯೇ ಆಗಿತ್ತು. ಪರಊರಿನಿಂದ ಬಂದವರು ಈ ಭಾಗದ ಗುರುತೇ ಆಗಿಬಿಡುವುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಮೇಷ್ಟರ ಜೊತೆ ಹುಡುಗರು ಸೇರಿ ದೂರದ ಸ್ಥಳಕ್ಕೆ ಹೋಗುವ ಪ್ರವಾಸ ಬೇರೆ ಬಗೆಯದು. ಕನ್ನಡದಲ್ಲಿ ಪ್ರವಾಸ ಸಾಹಿತ್ಯ ಗಟ್ಟಿಯಾಗಿ ಬೇರೂರಿದ್ದರಲ್ಲಿ ಅಧ್ಯಾಪಕರ ಪಾಲು ಬಹಳ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಂಪೆಯನ್ನು ಕನ್ನಡಿಗರಿಗೆ ಹೊಸದಾಗಿ ತೋರಿಸಿತು. ಅಲ್ಲಿಂದ ಮುಂದೆ ಹಂಪೆ, ಬೇಲೂರು, ಹಳೇಬೀಡು ಎಂದರೆ ಶಾಲೆಯ ವಾರ್ಷಿಕ ಪ್ರವಾಸಕ್ಕೆ ಇನ್ನೊಂದು ಹೆಸರಾಯಿತು. ಆದರೆ ಇದಕ್ಕೆ ಮೂರ್ನಾಲ್ಕು ದಿನ ಬೇಕು. ವರ್ಷಕ್ಕೊಮ್ಮೆ ಸಾಧ್ಯವಾಗುವ ಸಂಗತಿ.

1948 ಈ ಚರಿತ್ರೆಯಲ್ಲಿ ತಿರುವಿನ ವರ್ಷ. ಆ ವರ್ಷ ಆಗಸ್ಟ್ 20ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿದರು. ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಬಡಾವಣೆಯ ಬಾಗಿಲಿನಲ್ಲಿ ಅಶೋಕ ಸ್ತಂಭ ಇಂದೂ ನಿಂತಿದೆ. ಮೂರು ವಾರ ಕಳೆದು, ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಇಂದಿನ ಕೆಎಸ್‌ಆರ್‌ಟಿಸಿಯ ಮೂಲ ಅದೇ. ಒಂದು ಕಡೆ ವಿದ್ಯಾರ್ಥಿಗಳು ಬಂದು ನಿಲ್ಲುವ ಬಡಾವಣೆ, ಇನ್ನೊಂದು ಕಡೆ ಅವರನ್ನು ಹೊರಗೆ ಕರೆದೊಯ್ಯುವ ಬಸ್ಸು. ಎರಡೂ ಒಂದೇ ಮಳೆಗಾಲದಲ್ಲಿ ಹುಟ್ಟಿದವು.

ಕಾಲೇಜುಗಳು ಒಂದರ ಹಿಂದೊಂದು ಬಂದವು. ಬಸವನಗುಡಿಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು 1946ರದು. ಆರ್.ವಿ. ಎಂಜಿನಿಯರಿಂಗ್ ಕಾಲೇಜು 1963ರಲ್ಲಿ, ಜಯನಗರದ ನ್ಯಾಷನಲ್ ಕಾಲೇಜು 1965ರಲ್ಲಿ, ಹೊಸೂರು ರಸ್ತೆಯ ಕ್ರೈಸ್ಟ್ ಕಾಲೇಜು 1969ರಲ್ಲಿ ಶುರುವಾದವು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಹೆಚ್ಚಿ, ಕೇರಳ, ಆಂಧ್ರ, ಬಿಹಾರ, ಈಶಾನ್ಯ ರಾಜ್ಯಗಳಿಂದ ವಿದ್ಯಾರ್ಥಿಗಳು ಬರತೊಡಗಿದರು. ಕ್ಯಾಪಿಟೇಷನ್ ಶುಲ್ಕವನ್ನು ತಡೆಯುವ ಕಾನೂನನ್ನು ರಾಜ್ಯ 1984ರಲ್ಲೇ ಮಾಡಬೇಕಾಗಿ ಬಂದದ್ದು ಆ ಒತ್ತಡದ ಪ್ರಮಾಣವನ್ನು ಹೇಳುತ್ತದೆ. ಇರಾನ್, ಸುಡಾನ್, ಕೀನ್ಯಾ, ನೇಪಾಳ, ಭೂತಾನಗಳ ವಿದ್ಯಾರ್ಥಿಗಳೂ ಬಂದರು. 2018-19ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿದ್ದ ಸುಮಾರು 47 ಸಾವಿರ ವಿದೇಶಿ ವಿದ್ಯಾರ್ಥಿಗಳಲ್ಲಿ ಸುಮಾರು 10 ಸಾವಿರ ಮಂದಿ ಕರ್ನಾಟಕದಲ್ಲಿದ್ದರು. ಬೇರೆ ಯಾವ ರಾಜ್ಯದಲ್ಲೂ ಅಷ್ಟಿರಲಿಲ್ಲ.

ಇವರ ವಾಸ ಹಾಸ್ಟೆಲಿನಿಂದ ಪೇಯಿಂಗ್ ಗೆಸ್ಟ್ ಮನೆಗಳಿಗೆ, ಅಂದರೆ ಪಿಜಿಗೆ ಸರಿಯಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಕೂಡಿಸಿ ಹೆಸರಾದ ಬಿಟಿಎಂ ಲೇಔಟಿನಲ್ಲಿ ಮನೆಯ ಮೇಲೆ ಮನೆ ಎದ್ದು ಪಿಜಿಗಳಾದವು. ಭಾನುವಾರದ ಪ್ರವಾಸದ ಸ್ವರೂಪವೂ ಬದಲಾಯಿತು. ಮೇಷ್ಟರು ಇಲ್ಲ, ವಾರ್ಡನ್ ಇಲ್ಲ. ಕೋಣೆಯ ಜೊತೆಗಾರರು ಹತ್ತು ಹನ್ನೆರಡು ಮಂದಿ ಸೇರಿ ಟೆಂಪೊ ಟ್ರಾವೆಲರ್ ಮಾತಾಡುತ್ತಾರೆ. ಬಾಯಿಮಾತಿನಲ್ಲಿ ಅದು ‘ಟಿಟಿ’. ಇಬ್ಬರು ಮೂವರೇ ಆದರೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋಗಿ ಬಸ್ಸು ಹಿಡಿಯುತ್ತಾರೆ. ಬೆಳಗಿನ ಜಾವ ಹೊರಟರೆ ಶ್ರೀರಂಗಪಟ್ಟಣ, ಸೋಮನಾಥಪುರ ಎರಡನ್ನೂ ಮುಗಿಸಬಹುದು. ಬೇಲೂರು, ಹಳೇಬೀಡು 200 ಕಿಲೋಮೀಟರಿಗೂ ದೂರವಾದ್ದರಿಂದ ಒಂದೇ ದಿನದಲ್ಲಿ ನೋಡಿದವರಿಗೆ ಬಸ್ಸಿನ ನೆನಪೇ ಹೆಚ್ಚು ಉಳಿಯುತ್ತದೆ.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆಯಾದ ದರಿಯಾ ದೌಲತ್ ಬಾಗಿನ ಟಿಕೆಟ್ ಕಿಟಕಿಯ ಮುಂದೆ ಈ ಗೆಳೆಯರ ಗುಂಪು ಒಡೆಯುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2018ರಲ್ಲಿ ಗೊತ್ತುಮಾಡಿದ ದರದಂತೆ ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300 ರೂಪಾಯಿ. ಸಾರ್ಕ್, ಬಿಮ್‌ಸ್ಟೆಕ್ ದೇಶಗಳವರಿಗೆ ಭಾರತೀಯರ ದರವೇ. ಅಂದರೆ ಒಂದೇ ತರಗತಿಯ ನೇಪಾಳದ ಹುಡುಗ 25 ಕೊಟ್ಟು ಒಳಗೆ ಹೋದರೆ, ಸುಡಾನಿನ ಹುಡುಗ ಅದರ ಹನ್ನೆರಡರಷ್ಟು ಕೊಡಬೇಕು. ಪ್ರವಾಸಕ್ಕೆಂದು ವಾರದ ಮಟ್ಟಿಗೆ ಬಂದವರಿಗೂ ಇಲ್ಲೇ ಮೂರು ನಾಲ್ಕು ವರ್ಷ ಓದುತ್ತ ಕೂತವರಿಗೂ ದರ ಒಂದೇ ಆಗಿರುವುದು ಸರಿಯಲ್ಲ. ವಿದ್ಯಾರ್ಥಿಯ ಗುರುತಿನ ಚೀಟಿಗೆ ಇಲ್ಲೊಂದು ಬೆಲೆ ಇರಬೇಕಿತ್ತು.

ಒಳಗಿನ ಪಡಸಾಲೆಯ ಪಶ್ಚಿಮದ ಗೋಡೆಯ ಮುಂದೆ ಮಾತ್ರ ಎಲ್ಲರೂ ಒಂದೇ ಹೊತ್ತು ನಿಲ್ಲುತ್ತಾರೆ. 1780ರ ಪೊಳ್ಳಿಲೂರು ಕಾಳಗದ ಚಿತ್ರ ಅಲ್ಲಿದೆ. ಹೈದರನೂ ಟಿಪ್ಪುವೂ ಇಂಗ್ಲಿಷರ ಕರ್ನಲ್ ಬೇಯ್ಲಿಯ ಪಡೆಯನ್ನು ಸುತ್ತುವರಿದು ಸೋಲಿಸಿದ ದಿನ ಅದು. ಕೆಂಪಂಗಿಯ ಸಿಪಾಯಿಗಳು ಚೌಕ ಕಟ್ಟಿ ಒತ್ತೊತ್ತಾಗಿ ನಿಂತಿದ್ದಾರೆ. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಪಾಲಕಿಯಲ್ಲಿ ಕೂತ ಬೇಯ್ಲಿ ಬೆರಳು ಕಚ್ಚಿಕೊಂಡಿದ್ದಾನೆ. ದೇಹಗಳಿಂದ ಬೇರೆಯಾದ ತಲೆಗಳು ನೆಲದ ಮೇಲೆ ಬಿದ್ದಿವೆ, ಕುದುರೆಗಳು ಅವುಗಳ ಮೇಲೆಯೇ ಓಡುತ್ತಿವೆ. ಗೆದ್ದವನ ಅರಮನೆಯಲ್ಲಿ ಬರೆಸಿದ ಈ ಚಿತ್ರವನ್ನು ಟಿಪ್ಪು ಸತ್ತ ಮೇಲೆ, ಅಂದರೆ 1799ರ ನಂತರ, ಸೋತವರ ಕಡೆಯವರೇ ಮತ್ತೆ ಬಣ್ಣ ತುಂಬಿಸಿ ಉಳಿಸಿಕೊಂಡರು. ವಸಾಹತು ಆಳ್ವಿಕೆಯನ್ನು ತಮ್ಮದೇ ನೆಲದಲ್ಲಿ ಕಂಡ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ಈ ಗೋಡೆಯನ್ನು ಹೆಚ್ಚು ವಿವರಿಸಬೇಕಾಗಿ ಬರುವುದಿಲ್ಲ.

ಸೋಮನಾಥಪುರದ ಕೇಶವ ದೇವಾಲಯ 1258ರದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಮಲ್ಲಿತಮ್ಮ ಎಂಬ ಶಿಲ್ಪಿ ತಾನು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾನೆ. ಬೇಲೂರು, ಹಳೇಬೀಡುಗಳ ಜೊತೆ ಇದು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಭಾನುವಾರಗಳ ಗುಂಪು ಇನ್ನೂ ಹೆಚ್ಚಿತು.

ಅದೇ 2023 ಸಾರಿಗೆಯ ಲೆಕ್ಕವನ್ನು ಎರಡು ಬಗೆಯಲ್ಲಿ ಬದಲಿಸಿತು. ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಆದರೆ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊಗಳಿಗೆ ಪ್ರವೇಶ ನಿಂತಿತು. ಅಪಘಾತಗಳ ಸಂಖ್ಯೆ ನೋಡಿದರೆ ಆ ನಿರ್ಧಾರಕ್ಕೆ ಕಾರಣವಿತ್ತು. ಬೈಕಿನ ಹುಡುಗರು ಈಗ ಸರ್ವಿಸ್ ರಸ್ತೆಯಲ್ಲಿ, ಊರೂರಿನ ಒಳಗೆ ನುಗ್ಗಿ ಹೋಗುತ್ತಾರೆ. ಜೂನ್ 11ರಂದು ಬಂದ ಶಕ್ತಿ ಯೋಜನೆ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಶೂನ್ಯ ಟಿಕೆಟ್ ಕೊಟ್ಟಿತು. ವಿಜಯಪುರದಿಂದಲೋ ಸಾಗರದಿಂದಲೋ ಬಂದು ಬನಶಂಕರಿಯಲ್ಲಿ ಓದುವ ಹುಡುಗಿಗೆ ಮೈಸೂರು, ಮೇಲುಕೋಟೆ, ತಲಕಾಡು ಖರ್ಚಿಲ್ಲದೆ ಎಟುಕುವಂತಾಯಿತು. ಮನೆಯಲ್ಲಿ ಹಣ ಕೇಳದೆ ಊರು ನೋಡುವ ಸ್ವಾತಂತ್ರ್ಯ ಸಣ್ಣ ಸಂಗತಿಯಲ್ಲ. ರಾಜ್ಯದ ವಿಳಾಸದ ಗುರುತಿನ ಚೀಟಿ ಬೇಕಾದ್ದರಿಂದ ಅವಳ ಪಕ್ಕದಲ್ಲಿ ಕೂತ ಮಣಿಪುರದ, ಭೂತಾನದ ಗೆಳತಿಯರು ಪೂರ್ತಿ ಚಾರ್ಜು ಕೊಡುತ್ತಾರೆ.

ಹೀಗೆ ದೂರ ಹಿಗ್ಗುತ್ತ ಹೋದಾಗ ಬಾಗಿಲ ಮುಂದಿನ ಇತಿಹಾಸ ಪ್ರವಾಸದ ಪಟ್ಟಿಯಿಂದ ಜಾರಿತು. ಲಾಲ್‌ಬಾಗಿನ ಬಂಡೆ ಒಂದು ಉದಾಹರಣೆ. ಸುಮಾರು 300 ಕೋಟಿ ವರ್ಷ ಹಳೆಯ ಆ ಬಂಡೆಯನ್ನು ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಅದರ ನೆತ್ತಿಯ ಕೆಂಪೇಗೌಡ ಗೋಪುರ ಒಂದು ಕಾಲಕ್ಕೆ ಊರಿನ ಎಲ್ಲೆಯ ಗುರುತು. ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಕ್ಕೆ ಬಂದವರು ಆ ಬಂಡೆಯ ಮೇಲೆ ಕೂತು ದಣಿವಾರಿಸಿಕೊಂಡು ಎದ್ದು ಹೋಗುತ್ತಾರೆ.

ಇನ್ನೂ ದೊಡ್ಡ ಉದಾಹರಣೆ ಬೇಗೂರು. ಬಿಟಿಎಂ, ಜೆ.ಪಿ. ನಗರಗಳಿಂದ ಕೆಲವೇ ಕಿಲೋಮೀಟರ್. ಗಂಗರ ಕಾಲದಲ್ಲಿ ಇದು ಬೆಂಪೂರು. ಹನ್ನೆರಡು ಹಳ್ಳಿಗಳ ಒಂದು ಆಡಳಿತ ಘಟಕದ ತಲೆಯೂರು. ಗಂಗ ದೊರೆ ಎರೆಯಪ್ಪನ ಕಡೆಯಿಂದ ನಾಗತ್ತರನೆಂಬ ನಾಯಕ ತುಂಬೆಪಾಡಿಯ ಕಾಳಗದಲ್ಲಿ ಆನೆಗಳಿಗೆ ಎದುರಾಗಿ ಹೋರಾಡಿ ಸತ್ತ. ಅವನ ನೆನಪಿಗೆ ಕಡೆದ ವೀರಗಲ್ಲು ಆನೆ, ಕುದುರೆ, ಬಿಲ್ಲುಗಾರರಿಂದ ಇಡಿಕಿರಿದಿದೆ. ಅದು ಈಗ ಬೇಗೂರಿನಲ್ಲಿಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲೇ ಉಳಿದದ್ದು ಇನ್ನೊಂದು ಶಾಸನ. ಸುಮಾರು 890ರ ಆ ಬರಹದಲ್ಲಿ ‘ಬೆಂಗಳೂರು ಕಾಳಗ’ದ ಪ್ರಸ್ತಾಪವಿದೆ. ಆ ಕಾಳಗದಲ್ಲಿ ಸತ್ತವನು ನಾಗತ್ತರನಿಗೆ ಸಂಬಂಧಪಟ್ಟ ಬುಟ್ಟನ ಸೆಟ್ಟಿ. ಆರ್. ನರಸಿಂಹಾಚಾರ್ಯರು ಇದನ್ನು ಓದಿ ದಾಖಲಿಸಿದ್ದರಿಂದ ಊರಿನ ಹೆಸರು ಬೆಂದಕಾಳೂರಿನಿಂದ ಬಂತೆಂಬ ಕಥೆಗಿಂತ ಹಲವು ಶತಮಾನ ಹಿಂದಕ್ಕೆ ಬೆಂಗಳೂರು ಎಂಬ ಹೆಸರು ಹೋಯಿತು. ಕಲ್ಲು ದೊಡ್ಡದಲ್ಲ. ಅಕ್ಷರಗಳು ಹಳಗನ್ನಡದವು, ಸವೆದಿವೆ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಗೆರೆಗಳು ಎದ್ದು ಕಾಣುತ್ತವೆ. ಊರಿನ ಹೆಸರಿನ ಇಷ್ಟು ಹಳೆಯ ದಾಖಲೆ ಬೇರೆ ದೇಶದಲ್ಲಿದ್ದಿದ್ದರೆ ಅದರ ಮುಂದೆ ಸಾಲು ನಿಲ್ಲುತ್ತಿತ್ತು.

ಮಡಿವಾಳದ ಸೋಮೇಶ್ವರ ದೇವಸ್ಥಾನವಂತೂ ಪಿಜಿಗಳ ನಡುವೆಯೇ ಇದೆ. ಅದರ ಗೋಡೆಯ ಮೇಲೆ 1247ರ ತಮಿಳು ಶಾಸನವಿದೆ. ವೆಪ್ಪೂರು, ಅಂದರೆ ಬೇಗೂರಿನವರು ಬಿಟ್ಟ ಭೂಮಿಯ ದತ್ತಿ ಅದರ ವಿಷಯ. ಅಲ್ಲಿನ ಬರಹಗಳಲ್ಲಿ ತಾಮರೈಕ್ಕಿರೈ ಎಂಬ ಕೆರೆಯ ಮಾತೂ ಬರುತ್ತದೆ. ತಾಮರೈ ಎಂದರೆ ತಾವರೆ. ಆ ಕೆರೆಯೇ ತಾವರೆಕೆರೆ. ಬಿಟಿಎಂನ ‘ಟಿ’ ಅಕ್ಷರದ ಬೇರು ಹೀಗೆ ಶತಮಾನಗಳ ಹಿಂದಿನ ಕಲ್ಲಿನಲ್ಲಿದೆ. ತಮಿಳುನಾಡಿನಿಂದ ಓದಲು ಬಂದ ವಿದ್ಯಾರ್ಥಿ ತನ್ನ ನುಡಿಯನ್ನೇ ಬೆಂಗಳೂರಿನ ಹಳೆಯ ಗೋಡೆಯ ಮೇಲೆ ಕಾಣಬಹುದು. ಹೊರಗಿನಿಂದ ಬಂದವರ ಮಾತು ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಇಲ್ಲಿ ಬರಹದ ಆಧಾರವಿದೆ.

ಈ ಹತ್ತಿರದ ಜಾಗಗಳು ಮತ್ತೆ ಭಾನುವಾರದ ಪಟ್ಟಿಗೆ ಬರುತ್ತಿರುವುದು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ. ಪರಂಪರೆಯನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯ ಪಾರಂಪರಿಕ ನಡಿಗೆಗಳು ಒಂದು ಕಾರಣ. ಬೆಂಗಳೂರಿನ ಶಾಸನಗಳನ್ನು ಹುಡುಕಿ ಉಳಿಸುವ ಸ್ವಯಂಸೇವಕರ ಕೆಲಸ ಇನ್ನೊಂದು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಈಗ ಈ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಲಾಗುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಕಂಪ್ಯೂಟರಿನ ಪರದೆಯ ಮೇಲೆ ಓದಲು ಸಿಗುತ್ತದೆ.

ಮೂರನೆಯ ಕಾರಣ ಮೆಟ್ರೊ. ಹಸಿರು ಮಾರ್ಗ 2017ರಲ್ಲಿ ಯಲಚೇನಹಳ್ಳಿಯವರೆಗೆ, 2021ರಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬಂತು. ಬನಶಂಕರಿ, ಜಯನಗರದವರಿಗೆ ಲಾಲ್‌ಬಾಗು ಕೆಲವೇ ನಿಮಿಷಗಳ ದಾರಿಯಾಯಿತು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಹೊರಟು ರಾಗಿಗುಡ್ಡ, ಜಯದೇವ, ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್ ದಾಟಿ ಬೊಮ್ಮನಹಳ್ಳಿಗೆ ಬರುತ್ತದೆ. ಅಲ್ಲಿ ಇಳಿದು ಬೇಗೂರು ರಸ್ತೆಯಲ್ಲಿ ಆಟೊ ಹಿಡಿದರೆ ನಾಗೇಶ್ವರನ ಗುಡಿ. ಬೆಳಿಗ್ಗೆ ತಿಂಡಿ ತಿಂದು ಹೊರಟವರು ಬುಟ್ಟನ ಸೆಟ್ಟಿಯ ಕಲ್ಲನ್ನು ನೋಡಿಕೊಂಡು ಮಧ್ಯಾಹ್ನದ ಮೆಸ್ಸಿನ ಊಟಕ್ಕೆ ವಾಪಸಾಗಬಹುದು.